ಜ್ವರದ ಮರೆಯಲ್ಲಿ ಉಳಿದುಹೋದ ಕವಾಟದ ಸೋಂಕು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ ಹಾಗೂ ರಾಜ್ಯದ ವೈದ್ಯ ಬಂಧುಗಳಿಗೆ,

ಸವಿನಯ ವಂದನೆಗಳು.

ಕೋವಿಡ್ ಕಾಲದ ಔಷಧ ಮತ್ತು ಉಪಕರಣಗಳ ಖರೀದಿಯಲ್ಲಿ ಅಕ್ರಮ ನಡೆದಿದೆಯೆಂಬ ಆರೋಪಗಳ ತನಿಖೆಗಾಗಿ ಸರ್ಕಾರವು 2023ರಲ್ಲಿ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ'ಕುನ್ಹ ಅವರ ಆಯೋಗವನ್ನು ನೇಮಿಸಿತು. ಹಣದ ಲೆಕ್ಕವನ್ನು ಕೇಳಲೇಬೇಕಿತ್ತು. ಆದರೆ ಅದೇ ಅವಧಿಯಲ್ಲಿ ಕೋವಿಡ್ ಅಲ್ಲದ ಗಂಭೀರ ಕಾಯಿಲೆಗಳೊಂದಿಗೆ ನಮ್ಮ ಆಸ್ಪತ್ರೆಗಳ ಬಾಗಿಲಿಗೆ ಬಂದವರಿಗೆ, ಅಥವಾ ಬರಲಾಗದೆ ಮನೆಯಲ್ಲೇ ಉಳಿದವರಿಗೆ ಏನಾಯಿತು ಎಂಬ ಲೆಕ್ಕ ಇನ್ನೂ ಬಾಕಿ ಇದೆ. ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯೊಂದರ ಜನರಲ್ ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆಯಾಗಿ, ಅಂಥ ಒಂದು ಕಾಯಿಲೆಯ ಬಗ್ಗೆ ಮಾತ್ರ ಈ ಪತ್ರದಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಅದು ಹೃದಯದ ಕವಾಟಗಳಿಗೆ ತಗಲುವ ಸೋಂಕು. ವೈದ್ಯರು ಇನ್‌ಫೆಕ್ಟಿವ್ ಎಂಡೋಕಾರ್ಡೈಟಿಸ್ ಎನ್ನುವ ಕಾಯಿಲೆ.

ಈ ಕಾಯಿಲೆಯ ಹೆಸರು ಕೇಳದವರೇ ಹೆಚ್ಚು. ಹೃದಯದ ನಾಲ್ಕು ಕವಾಟಗಳು ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲುಗಳಂತೆ ಕೆಲಸ ಮಾಡುತ್ತವೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ದಪ್ಪಗಾದ ಕವಾಟ, ಹುಟ್ಟಿನಿಂದಲೇ ದೋಷವಿರುವ ಕವಾಟ, ಶಸ್ತ್ರಚಿಕಿತ್ಸೆಯಲ್ಲಿ ಕೂಡಿಸಿದ ಕೃತಕ ಕವಾಟ ಇವುಗಳ ಮೇಲ್ಮೈಯಲ್ಲಿ ರಕ್ತದಲ್ಲಿ ತೇಲಿಬಂದ ಬ್ಯಾಕ್ಟೀರಿಯಾ ಸುಲಭವಾಗಿ ನೆಲೆಯೂರುತ್ತದೆ. ಹುಳುಕು ಹಲ್ಲಿನಿಂದ, ಚರ್ಮದ ಗಾಯದಿಂದ, ಡಯಾಲಿಸಿಸ್‌ಗೆಂದು ಹಾಕಿದ ನಳಿಕೆಯಿಂದ ಅದು ರಕ್ತಕ್ಕೆ ಇಳಿಯಬಹುದು. ಕೂತಲ್ಲಿ ಗೆಡ್ಡೆ ಕಟ್ಟುತ್ತದೆ. ಆ ಗೆಡ್ಡೆಯಿಂದ ಚೂರುಗಳು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು, ಕಾಲಿನ ರಕ್ತನಾಳಕ್ಕೆ ಹೋದರೆ ಅಲ್ಲಿ ರಕ್ತಸಂಚಾರವೇ ಬಂದ್. ಕವಾಟವೇ ಹರಿದರೆ ಕೆಲವೇ ಗಂಟೆಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಪೆನಿಸಿಲಿನ್ ಬರುವ ಮೊದಲು ಈ ಕಾಯಿಲೆ ಹಿಡಿದವರು ಬದುಕುತ್ತಿದ್ದುದೇ ಅಪರೂಪವಾಗಿತ್ತು. ಇಂದಿಗೂ ಎಲ್ಲ ಸೌಲಭ್ಯಗಳಿರುವ ದೇಶಗಳಲ್ಲಿ ಕೂಡ ಆಸ್ಪತ್ರೆಗೆ ಸೇರಿದ ಐದಾರು ಮಂದಿಯಲ್ಲಿ ಒಬ್ಬರು ಅಲ್ಲೇ ತೀರಿಕೊಳ್ಳುತ್ತಾರೆ.

ಜಗತ್ತಿನ ಬೇರೆ ಬೇರೆ ಕಡೆಯ ಅಂದಾಜುಗಳ ಪ್ರಕಾರ ಪ್ರತಿ ಲಕ್ಷ ಜನರಲ್ಲಿ ವರ್ಷಕ್ಕೆ 3ರಿಂದ 10 ಮಂದಿಗೆ ಈ ಸೋಂಕು ಬರುತ್ತದೆ. ಅತಿ ಕಡಿಮೆ ಅಂದಾಜನ್ನೇ ಹಿಡಿದು, 2011ರ ಜನಗಣತಿಯ 6.11 ಕೋಟಿ ಜನಸಂಖ್ಯೆಗೆ ಅನ್ವಯಿಸಿದರೂ ಕರ್ನಾಟಕದಲ್ಲಿ ವರ್ಷಕ್ಕೆ 1,800ಕ್ಕೂ ಹೆಚ್ಚು ಮಂದಿ ಎಂದಾಗುತ್ತದೆ. ಶ್ರೀಮಂತ ದೇಶಗಳಲ್ಲಿ ಇದು ಈಗ ಹೆಚ್ಚಾಗಿ ವೃದ್ಧರ ಕಾಯಿಲೆ. ನಮ್ಮಲ್ಲಿ ರುಮ್ಯಾಟಿಕ್ ಕವಾಟ ದೋಷ ಇನ್ನೂ ಉಳಿದಿರುವುದರಿಂದ ದುಡಿಯುವ ವಯಸ್ಸಿನವರು, ಎಳೆಯ ತಾಯಂದಿರು, ಕಾಲೇಜಿಗೆ ಹೋಗುವ ಮಕ್ಕಳು ಇದಕ್ಕೆ ತುತ್ತಾಗುತ್ತಾರೆ. ಒಂದು ಮನೆಯ ಆಧಾರವೇ ಕುಸಿಯುವ ವಯಸ್ಸದು ಎಂಬ ಕಾರಣಕ್ಕೂ ಈ ಕಾಯಿಲೆಯನ್ನು ಅಪರೂಪದ್ದೆಂದು ಬದಿಗಿಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದನ್ನು ಪತ್ತೆ ಮಾಡುವುದು ಸಾಮಾನ್ಯ ಕಾಲದಲ್ಲೂ ಸುಲಭವಲ್ಲ. ವಾರಗಟ್ಟಲೆ ಬಿಟ್ಟು ಬಿಟ್ಟು ಬರುವ ಜ್ವರ, ಸುಸ್ತು, ಮೈಕೈ ನೋವು, ತೂಕ ಇಳಿಯುವುದು, ಸ್ವಲ್ಪ ಏದುಸಿರು, ಮೊದಲಿಗೆ ಇಷ್ಟೇ ಕಾಣುವುದು. ನಮ್ಮ ನಾಡಿನಲ್ಲಿ ಇಂಥ ಜ್ವರಕ್ಕೆ ಹೇಳಲು ಹೆಸರುಗಳು ಬೇಕಾದಷ್ಟಿವೆ: ಡೆಂಗಿ, ಟೈಫಾಯ್ಡ್, ಕರಾವಳಿಯಲ್ಲಿ ಮಲೇರಿಯಾ ಮತ್ತು ಇಲಿ ಜ್ವರ, ಮಲೆನಾಡಿನಲ್ಲಿ ಮಂಗನ ಕಾಯಿಲೆ. ಇವುಗಳ ನಡುವೆ ಕವಾಟದ ಸೋಂಕನ್ನು ಗುರುತಿಸಬೇಕಾದರೆ ವೈದ್ಯರು ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೆಟ್ಟ ಕವಾಟದಲ್ಲಿ ರಕ್ತ ಹರಿಯುವಾಗ ಹುಟ್ಟುವ ಮರ್ಮರ ಶಬ್ದವನ್ನು ಕೇಳಿಸಿಕೊಳ್ಳಬೇಕು, ಉಗುರಿನ ಅಡಿಯಲ್ಲಿ, ಕಣ್ಣಿನ ರೆಪ್ಪೆಯ ಒಳಬದಿಯಲ್ಲಿ ಸಣ್ಣ ರಕ್ತದ ಚುಕ್ಕೆಗಳನ್ನು ಹುಡುಕಬೇಕು, ಆಂಟಿಬಯೋಟಿಕ್ ಕೊಡುವ ಮೊದಲೇ ರಕ್ತವನ್ನು ಕಲ್ಚರ್‌ಗೆ, ಎಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ಕಳುಹಿಸಬೇಕು, ಆಮೇಲೆ ಎಕೋ, ಎಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್ ಮಾಡಿಸಬೇಕು. ಸಾಂಕ್ರಾಮಿಕವು ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಕಳಚಿತು.

2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ಕಲಬುರಗಿಯಲ್ಲೇ ದಾಖಲಾಯಿತು. ಆ ತಿಂಗಳು ಮುಗಿಯುವುದರೊಳಗೆ ಇಡೀ ದೇಶ ಲಾಕ್‌ಡೌನ್ ಆಗಿತ್ತು. ಬೆಂಗಳೂರಿನ ವಿಕ್ಟೋರಿಯಾದಂಥ ಹಳೆಯ, ದೊಡ್ಡ ಆಸ್ಪತ್ರೆ ಕೋವಿಡ್‌ಗೆ ಮೀಸಲಾಯಿತು. ಜಿಲ್ಲೆಗಳಲ್ಲೂ ಹಾಗೆಯೇ ಆಯಿತು. ಊರೂರುಗಳಲ್ಲಿ ಫೀವರ್ ಕ್ಲಿನಿಕ್‌ಗಳು ತೆರೆದವು. ಆಗಿನ ಆತಂಕದಲ್ಲಿ ಈ ಕ್ರಮಗಳನ್ನು ಕೈಗೊಂಡವರನ್ನು ನಾನು ದೂಷಿಸುವುದಿಲ್ಲ. ನಮ್ಮ ಜೊತೆಗೆ ದುಡಿದು ಪ್ರಾಣ ಕಳೆದುಕೊಂಡ ಸಹೋದ್ಯೋಗಿಗಳೂ ಇದ್ದಾರೆ. ಆದರೆ ಅಂದಿನಿಂದ ಜ್ವರ ಎಂದರೆ ಕೋವಿಡ್ ಹೌದೋ ಅಲ್ಲವೋ ಎಂಬ ಒಂದೇ ಪ್ರಶ್ನೆ ಉಳಿಯಿತು. ಸ್ವ್ಯಾಬ್ ಪಾಸಿಟಿವ್ ಬಂದವರಿಗೆ ಒಂದು ದಾರಿ ಇತ್ತು. ನೆಗೆಟಿವ್ ಬಂದು ಜ್ವರ ಬಿಡದೆ ಇದ್ದವರಿಗೆ ಯಾವ ದಾರಿಯೂ ಇರಲಿಲ್ಲ: ಕೋವಿಡ್ ಆಸ್ಪತ್ರೆಯಲ್ಲಿ ಅವರು ಕೋವಿಡ್ ಅಲ್ಲದವರು, ಉಳಿದ ಆಸ್ಪತ್ರೆಗಳಲ್ಲಿ ಅವರು ಕೋವಿಡ್ ಇರಬಹುದಾದವರು. 2021ರ ಎರಡನೇ ಅಲೆಯಲ್ಲಿ ಬೆಂಗಳೂರಿನಲ್ಲಿ ಹಾಸಿಗೆ ಸಿಗಬೇಕಾದರೆ ಕೋವಿಡ್ ಪಾಸಿಟಿವ್ ಆದವರಿಗೆ ಕೊಡುತ್ತಿದ್ದ ಬಿಯು ನಂಬರ್ ಬೇಕಿತ್ತು ಎಂಬುದನ್ನು ನೆನಪಿಸಿಕೊಂಡರೆ, ಆ ನಂಬರ್ ಹುಟ್ಟುವುದಕ್ಕೆ ಬೇಕಾದ ಕಾಯಿಲೆಯೇ ಇಲ್ಲದ ರೋಗಿಯ ಪಾಡು ಏನಾಗಿರಬೇಕೆಂದು ಅಂದಾಜು ಮಾಡಬಹುದು.

ಸ್ಟೆತೊಸ್ಕೋಪ್ ನಮ್ಮ ಕೈಬಿಟ್ಟಿತು. ಪಿಪಿಇ ಕಿಟ್ಟಿನ ಮುಸುಕು ಕಿವಿಯನ್ನು ಮುಚ್ಚಿರುವಾಗ ಅದನ್ನು ಬಳಸುವುದು ಹೆಚ್ಚುಕಡಿಮೆ ಅಸಾಧ್ಯ. ಹೊರರೋಗಿ ವಿಭಾಗದಲ್ಲಿ ರೋಗಿಯಿಂದ ಆರಡಿ ದೂರ ಕುಳಿತಾಗಲೂ ಅಷ್ಟೇ. ಕೇಂದ್ರ ಸರ್ಕಾರವು 2020ರ ಮಾರ್ಚ್ 25ರಂದು ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಹೊರಡಿಸಿ ಫೋನಿನಲ್ಲೂ ವೈದ್ಯಕೀಯ ಸಲಹೆಗೆ ಕಾನೂನಿನ ಮನ್ನಣೆ ಕೊಟ್ಟಿತು. ಅದರಿಂದ ಲಕ್ಷಾಂತರ ಜನರಿಗೆ ಉಪಕಾರವಾಯಿತು. ಹೊಸದಾಗಿ ಹುಟ್ಟಿಕೊಂಡ ಮರ್ಮರ ಶಬ್ದವೊಂದು ಮಾತ್ರ ಫೋನಿನಲ್ಲಿ ಕೇಳಿಸುವುದಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಔಷಧಿಯಿಂದ ಆಯಿತು ಎಂಬುದು ನನ್ನ ದೃಢ ಅಭಿಪ್ರಾಯ. ಈ ಪತ್ರದ ಮುಖ್ಯ ವಿಷಯವೂ ಅದೇ ಆಗಿರುವುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕವಾಟದ ಸೋಂಕಿಗೆ ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದು ತಿಳಿಯಲು ಇರುವ ಪ್ರಧಾನ ದಾರಿ ರಕ್ತದ ಕಲ್ಚರ್. ಬೇರೆ ಬೇರೆ ಜಾಗದ ರಕ್ತನಾಳಗಳಿಂದ, ಸ್ವಲ್ಪ ಸಮಯದ ಅಂತರದಲ್ಲಿ, ಕನಿಷ್ಠ ಮೂರು ಬಾರಿ ರಕ್ತ ತೆಗೆಯಬೇಕು. ದೊಡ್ಡವರಿಗಾದರೆ ಪ್ರತಿ ಬಾಟಲಿಗೆ ಸುಮಾರು 10 ಮಿಲಿಲೀಟರ್ ತುಂಬಬೇಕು. ಸುಮಾರು ಒಂದು ಗಂಟೆಯಲ್ಲಿ ಮುಗಿಯುವ ಕೆಲಸ. ಇದು ಆಂಟಿಬಯೋಟಿಕ್‌ಗೆ ಮೊದಲು ನಡೆಯಬೇಕು ಎಂಬುದೊಂದೇ ಷರತ್ತು. ಎರಡು ಮೂರು ದಿನದ ಮಾತ್ರೆ ಬಿದ್ದರೂ ಸಾಕು, ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಸಿಗುವ ಸಾಧ್ಯತೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿಯುತ್ತದೆ. ಅಷ್ಟು ಔಷಧಿ ಕವಾಟದ ಮೇಲಿನ ಗೆಡ್ಡೆಯನ್ನು ಕರಗಿಸಲು ಯಾತಕ್ಕೂ ಸಾಲುವುದಿಲ್ಲ. ಅದಕ್ಕೆ ನಾಲ್ಕರಿಂದ ಆರು ವಾರ ರಕ್ತನಾಳದ ಮೂಲಕ ಇಂಜೆಕ್ಷನ್ ಬೇಕು. ಅರೆಬರೆ ಔಷಧಿಯಿಂದ ಜ್ವರ ನಾಲ್ಕು ದಿನ ತಗ್ಗುತ್ತದೆ, ರೋಗಿಗೆ ಗುಣವಾಯಿತೆಂಬ ಭ್ರಮೆ ಹುಟ್ಟುತ್ತದೆ, ಒಳಗೆ ಕವಾಟ ತೂತಾಗುತ್ತಾ ಹೋಗುತ್ತದೆ. ಕಡೆಗೆ ಆತ ದೊಡ್ಡಾಸ್ಪತ್ರೆ ತಲುಪಿದಾಗ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಆಗ ಯಾವ ಬ್ಯಾಕ್ಟೀರಿಯಾಕ್ಕೆ ಔಷಧ ಕೊಡಬೇಕೆಂದು ತಿಳಿಯದೆ, ಹಲವು ಔಷಧಗಳನ್ನು ಒಟ್ಟಿಗೆ ಕೊಡುತ್ತಾ, ಮೂತ್ರಪಿಂಡಕ್ಕೆ ಏನಾಗುವುದೋ ಎಂದು ಹೆದರುತ್ತಾ ವಾರಗಳನ್ನು ದೂಡಬೇಕಾಗುತ್ತದೆ.

ಕೋವಿಡ್‌ಗೆ ಮುಂಚೆಯೂ ನಮ್ಮಲ್ಲಿ ಈ ಸಮಸ್ಯೆ ಇತ್ತು. ವಿಡಾಲ್ ಪರೀಕ್ಷೆಯಲ್ಲಿ ಒಂದು ಗೆರೆ ಮೇಲೆ ಬಂದರೆ ಟೈಫಾಯ್ಡ್ ಎಂದು ಐದು ದಿನ ಇಂಜೆಕ್ಷನ್ ಕೊಡುವ ರೂಢಿ ಸಣ್ಣ ಊರುಗಳಲ್ಲಿ ಬೇರುಬಿಟ್ಟಿದೆ. ಆದರೆ ಸಾಂಕ್ರಾಮಿಕದಲ್ಲಿ ಅಜಿತ್ರೊಮೈಸಿನ್ ಮತ್ತು ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್‌ಗಳು ಮನೆಮನೆಗೆ ಹೋದವು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚೀಟಿ ತೋರಿಸಿದರೆ ಮೆಡಿಕಲ್ ಶಾಪಿನಲ್ಲಿ ಕೊಡುತ್ತಿದ್ದರು. ಚೀಟಿ ಇಲ್ಲದೆಯೂ ಕೊಡುತ್ತಿದ್ದರು. ವೈರಸ್ಸಿಗೆ ಏನೂ ಮಾಡದ ಈ ಮಾತ್ರೆಗಳು ರಕ್ತದ ಕಲ್ಚರನ್ನು ಕುರುಡಾಗಿಸುವುದಕ್ಕೆ ಸಾಕಾಗುತ್ತಿದ್ದವು. ಅಷ್ಟೇ ಅಲ್ಲ, ನಮ್ಮ ರಾಜ್ಯದಲ್ಲಿ ದನ, ಕುರಿ, ಮೇಕೆಗಳ ಜೊತೆ ಬದುಕುವವರಲ್ಲಿ ಬ್ರುಸೆಲ್ಲೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಇದೆ. ಅದು ಕೆಲವೊಮ್ಮೆ ಕವಾಟಕ್ಕೂ ಹರಡುತ್ತದೆ, ಅದಕ್ಕೆ ಕೊಡುವ ಮುಖ್ಯ ಔಷಧಗಳಲ್ಲಿ ಡಾಕ್ಸಿಸೈಕ್ಲಿನ್ ಒಂದು. ಒಂದೇ ಔಷಧವನ್ನು ಒಂದು ವಾರ ಕೊಟ್ಟು ನಿಲ್ಲಿಸುವುದೆಂದರೆ ಅಂಥ ಕಾಯಿಲೆಯನ್ನು ಅರ್ಧಕ್ಕೆ ಅಡಗಿಸಿ ಕೂರಿಸಿದಂತೆಯೇ ಸರಿ.

ಇದರ ಮೇಲೆ ಸ್ಟಿರಾಯ್ಡ್ ಬಂತು. ಆಮ್ಲಜನಕದ ಅಗತ್ಯವಿರುವ ಕೋವಿಡ್ ರೋಗಿಗಳಿಗೆ ಡೆಕ್ಸಾಮೆಥಾಸೋನ್ ಜೀವ ಉಳಿಸುತ್ತದೆಂದು ಬ್ರಿಟನ್ನಿನ ರಿಕವರಿ ಪರೀಕ್ಷೆ 2020ರ ಜೂನ್‌ನಲ್ಲಿ ತೋರಿಸಿಕೊಟ್ಟಿತು. ಎರಡನೇ ಅಲೆಯಲ್ಲಿ ಆ ಷರತ್ತು ಮರೆತುಹೋಗಿ, ಮನೆಯಲ್ಲಿದ್ದವರಿಗೂ ಜ್ವರದ ಮೂರನೇ ದಿನವೇ ಸ್ಟಿರಾಯ್ಡ್ ಸಿಕ್ಕಿತು. ಸ್ಟಿರಾಯ್ಡ್ ಜ್ವರವನ್ನು ಮುಚ್ಚಿಡುತ್ತದೆ, ದೇಹದ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ಕವಾಟದಲ್ಲಿ ಸೋಂಕಿರುವ ವ್ಯಕ್ತಿಗೆ ಅದು ಎರಡು ಬಗೆಯಲ್ಲೂ ಅಪಾಯ.

ಆ ದಿನಗಳಲ್ಲಿ ಸ್ವ್ಯಾಬ್ ನೆಗೆಟಿವ್ ಬಂದರೂ ಸಿಟಿ ಸ್ಕ್ಯಾನ್ ನೋಡಿ ಕೋವಿಡ್ ಎಂದು ತೀರ್ಮಾನಿಸುವುದು ರೂಢಿಯಾಗಿತ್ತು; ಸ್ಕ್ಯಾನ್ ನೋಡಿ ಕೋವಿಡ್ ಇರುವ ಸಾಧ್ಯತೆಗೆ ಕೊಡುತ್ತಿದ್ದ ಕೋರಾಡ್ಸ್ ಅಂಕ ಎಷ್ಟು ಎಂದು ಹಳ್ಳಿಯವರೂ ಕೇಳುತ್ತಿದ್ದರು. ಹೃದಯದ ಎಡಭಾಗದ ಮೈಟ್ರಲ್ ಕವಾಟ ಹರಿದು ಶ್ವಾಸಕೋಶದಲ್ಲಿ ನೀರು ನಿಂತಾಗ ಸ್ಕ್ಯಾನ್‌ನಲ್ಲಿ ಕಾಣುವ ಮಸುಕು ಎರಡೂ ಬದಿಯಲ್ಲಿರುತ್ತದೆ, ಕೋವಿಡ್ ನ್ಯುಮೋನಿಯಾದ ಮಸುಕೆಂದು ಭಾವಿಸಲು ಅವಕಾಶ ಕೊಡುತ್ತದೆ. ಹೃದಯದ ಬಲಭಾಗದ ಕವಾಟದಿಂದ ಕಳಚಿದ ಸೋಂಕಿನ ಚೂರುಗಳು ಶ್ವಾಸಕೋಶದ ಅಂಚುಗಳಲ್ಲಿ ಹಾಗೆಯೇ ಗೋಜಲು ಮೂಡಿಸುತ್ತವೆ.

ಎರಡನೇ ಅಲೆ ಇಳಿಯುತ್ತಿದ್ದಾಗ ನಮ್ಮ ವಾರ್ಡಿಗೆ ಬಂದ ಒಬ್ಬ ತಾಯಿಯ ವಿಷಯವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಹೇಳುತ್ತೇನೆ. ಮೂವತ್ತರ ಆಸುಪಾಸಿನ, ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದ ಹೆಣ್ಣುಮಗಳು. ಕವಾಟದಲ್ಲಿ ದೋಷವಿದೆಯೆಂದು ಬಸುರಿಯಾಗಿದ್ದಾಗಲೇ ಗೊತ್ತಾಗಿತ್ತು. ಆ ಹಳೆಯ ಎಕೋ ವರದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದಳು. ಜ್ವರ ಬಂದಾಗ ಸ್ವ್ಯಾಬ್ ನೆಗೆಟಿವ್, ಸ್ಕ್ಯಾನ್ ಅನುಮಾನ. ಅಜಿತ್ರೊಮೈಸಿನ್, ಸ್ಟಿರಾಯ್ಡ್, ವಿಟಮಿನ್ ಮಾತ್ರೆಗಳು. ಜ್ವರ ಇಳಿದು ಮತ್ತೆ ಏರಿದಾಗ ಟೈಫಾಯ್ಡ್ ಎಂದು ಬೇರೆ ಕಡೆ ಇಂಜೆಕ್ಷನ್. ಇನ್ನೊಮ್ಮೆ ಏರುವ ಹೊತ್ತಿಗೆ ಒಂದು ಬೆಳಿಗ್ಗೆ ಬಲಗೈ ಬಲಗಾಲು ಎತ್ತಲಾಗಲಿಲ್ಲ. ಎಕೋ ಮಾಡಿದಾಗ ಕವಾಟದ ಮೇಲೆ ಗೆಡ್ಡೆ ಸ್ಪಷ್ಟವಾಗಿ ಕಾಣುತ್ತಿತ್ತು. ತೆಗೆದ ಕಲ್ಚರ್‌ಗಳಲ್ಲಿ ಏನೂ ಬೆಳೆಯಲಿಲ್ಲ. ಆಕೆ ಬದುಕಿದಳು, ಆದರೆ ಹೊಲಿಗೆ ಯಂತ್ರದ ಮುಂದೆ ಕೂರುವ ಕೈ ಮರಳಲಿಲ್ಲ. ಸರಿಯಾದ ಆಂಟಿಬಯೋಟಿಕ್ ಆರಂಭವಾದ ಮೊದಲ ಒಂದೆರಡು ವಾರಗಳಲ್ಲೇ ಇಂಥ ಪಾರ್ಶ್ವವಾಯುವಿನ ಅಪಾಯ ಬಹಳ ಇಳಿಯುತ್ತದೆಂಬುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಮೊದಲ ಜ್ವರದ ದಿನ ಆ ಪ್ಲಾಸ್ಟಿಕ್ ಕವರನ್ನು ಯಾರಾದರೂ ಬಿಚ್ಚಿ ನೋಡಿದ್ದರೆ ಸಾಕಿತ್ತು. ಕೇಳುವ ವ್ಯವಸ್ಥೆಯೇ ಇರದಿದ್ದುದರಿಂದ ಯಾರೂ ಕೇಳಲಿಲ್ಲ. ಹಾಗಾಗಿ ಯಾವ ಒಬ್ಬ ವೈದ್ಯರ ಮೇಲೂ ನಾನು ಇದನ್ನು ಹೊರಿಸುವುದಿಲ್ಲ.

ನಮ್ಮಲ್ಲಿ ಮಾತ್ರ ಹೀಗಾಯಿತೆಂದು ತಿಳಿಯಬೇಕಿಲ್ಲ. ಮೊದಲ ಲಾಕ್‌ಡೌನ್ ಅವಧಿಯಲ್ಲಿ ಕವಾಟದ ಸೋಂಕಿನ ಹೊಸ ರೋಗಿಗಳ ಸಂಖ್ಯೆ ಎಂದಿಗಿಂತ ಕಡಿಮೆಯಾಯಿತೆಂದು ಬೆಲ್ಜಿಯಂ ಮತ್ತು ಸ್ಪೇನ್ ದೇಶಗಳ ವೈದ್ಯರು ವರದಿ ಮಾಡಿ, ಈ ಇಳಿಕೆಯನ್ನು ಕಂಡು ಸಮಾಧಾನಪಡಬೇಡಿ ಎಂದು ಎಚ್ಚರಿಸಿದರು. ಸ್ಪೇನಿನ ವರದಿಯಲ್ಲಿ ಆಸ್ಪತ್ರೆಯೊಳಗಿನ ಸಾವಿನ ಪ್ರಮಾಣ ಏರಿದ್ದೂ ಕಂಡುಬಂತು. ಮಾಸ್ಕ್ ಹಾಕಿಕೊಂಡದ್ದರಿಂದ ಫ್ಲೂ ಕಡಿಮೆಯಾಗಬಹುದು. ಕವಾಟದ ಸೋಂಕು ಹಾಗೆ ಉಸಿರಿನಿಂದ ಹರಡುವ ಕಾಯಿಲೆಯಲ್ಲ. ಹಲ್ಲಿನ ಚಿಕಿತ್ಸೆಗಳೂ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳೂ ನಿಂತಿದ್ದರಿಂದ ಇಳಿಕೆಯ ಸ್ವಲ್ಪ ಭಾಗ ನಿಜವೇ ಇದ್ದಿರಬಹುದು. ಉಳಿದವರು ತಡವಾಗಿ ಬಂದರು, ಬೇರೆ ರೋಗದ ಹೆಸರಿನಲ್ಲಿ ಚಿಕಿತ್ಸೆ ಪಡೆದರು, ಅಥವಾ ಬರಲೇ ಇಲ್ಲ ಎಂದು ತಿಳಿಯುವುದೇ ನ್ಯಾಯ. ಅಲ್ಲಿ ಎಣಿಸಲು ಹಿಂದಿನ ವರ್ಷಗಳ ಅಂಕಿ ಇತ್ತು, ಆದ್ದರಿಂದ ಕೊರತೆ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಮಾತ್ರ ವೈದ್ಯರು ಕಾರಣವನ್ನು ದೃಢೀಕರಿಸುತ್ತಾರೆ. ಜ್ವರ ಬಂದು ಮನೆಯಲ್ಲೇ ಉಸಿರುಗಟ್ಟಿ ತೀರಿಕೊಂಡ ಯುವತಿಯ ಕವಾಟ ಹೇಗಿತ್ತೆಂದು ಯಾವ ದಾಖಲೆಯೂ ಹೇಳುವುದಿಲ್ಲ.

ಎಕೋ ವಿಷಯವನ್ನೂ ಹೇಳಬೇಕು. ಎದೆಯ ಮೇಲಿನಿಂದ ಮಾಡುವ ಎಕೋದಲ್ಲಿ ಸಹಜ ಕವಾಟದ ಗೆಡ್ಡೆಗಳಲ್ಲಿ ಸುಮಾರು ಶೇ. 70ರಷ್ಟು ಮಾತ್ರ ಕಾಣುತ್ತವೆ, ಕೃತಕ ಕವಾಟವಾದರೆ ಅರ್ಧದಷ್ಟು. ಅನ್ನನಾಳದೊಳಗೆ ನಳಿಕೆ ಇಳಿಸಿ ಮಾಡುವ ಎಕೋದಲ್ಲಿ ಶೇ. 90ಕ್ಕೂ ಹೆಚ್ಚು ಕಾಣುತ್ತವೆ. ಆ ಪರೀಕ್ಷೆಯಲ್ಲಿ ರೋಗಿ ಕೆಮ್ಮುವುದರಿಂದ ವೈರಸ್ ಗಾಳಿಗೆ ಸೇರುವ ಭಯವಿತ್ತು, ಹಾಗಾಗಿ ತೀರಾ ಅಗತ್ಯವಿಲ್ಲದಿದ್ದರೆ ಮುಂದೂಡಿ ಎಂದು 2020ರಲ್ಲಿ ಜಗತ್ತಿನ ಹೃದ್ರೋಗ ತಜ್ಞರ ಸಂಘಗಳೇ ಸಲಹೆ ಕೊಟ್ಟವು. ಸಲಹೆ ಸರಿಯಾಗಿತ್ತು. ಕವಾಟದ ಸೋಂಕಿನ ಅನುಮಾನವು 'ತೀರಾ ಅಗತ್ಯ'ದ ಪಟ್ಟಿಗೆ ಸೇರುತ್ತದೆ ಎಂದು ಜಿಲ್ಲೆಗಳಿಗೆ ತಿಳಿಹೇಳುವವರು ಬೇಕಿತ್ತು. ಹೃದಯದ ಸಿಟಿ ಸ್ಕ್ಯಾನ್‌ನಿಂದಲೂ ಕವಾಟದ ಸುತ್ತಲಿನ ಕೀವನ್ನು ಗುರುತಿಸಬಹುದು. 2023ರಲ್ಲಿ ಪರಿಷ್ಕರಿಸಿದ ಡ್ಯೂಕ್ ಮಾನದಂಡಗಳು, ಎಂದರೆ ಈ ಕಾಯಿಲೆಯನ್ನು ನಿರ್ಧರಿಸಲು ವೈದ್ಯರು ಬಳಸುವ ಸೂತ್ರಗಳು, ಅದಕ್ಕೆ ಸ್ಪಷ್ಟ ಸ್ಥಾನ ಕೊಟ್ಟಿವೆ. ಮುಂದಿನ ಸಲ ಈ ದಾರಿಯನ್ನು ಮೊದಲೇ ಸಿದ್ಧವಾಗಿಡಬಹುದು.

ಐಸಿಯುಗಳಲ್ಲಿ ಹೊಸ ರೋಗಿಗಳೂ ಹುಟ್ಟಿಕೊಂಡರು. ವಾರಗಟ್ಟಲೆ ಕುತ್ತಿಗೆಯ ರಕ್ತನಾಳದಲ್ಲಿ ನಳಿಕೆ, ಸ್ಟಿರಾಯ್ಡ್, ಹತೋಟಿ ತಪ್ಪಿದ ಸಕ್ಕರೆ, ಮೂರು ಜನ ನೋಡಬೇಕಾದ ಹಾಸಿಗೆಗಳನ್ನು ಒಬ್ಬರೇ ನೋಡುತ್ತಿದ್ದ ನರ್ಸ್. ಸ್ಟೆಫೈಲೊಕಾಕಸ್, ಎಂಟರೊಕಾಕಸ್, ಕ್ಯಾಂಡಿಡಾ ಶಿಲೀಂಧ್ರ ಇವು ರಕ್ತಕ್ಕೆ ಇಳಿಯಲು ಇದಕ್ಕಿಂತ ಅನುಕೂಲ ಬೇರೆ ಬೇಕಿಲ್ಲ. ಅದೇ ಕಾಲದಲ್ಲಿ ಕಪ್ಪು ಶಿಲೀಂಧ್ರ ರೋಗ ಮುಖದ ಮೇಲೆ ಕಾಣಿಸಿಕೊಂಡದ್ದರಿಂದ 2021ರ ಮೇ ತಿಂಗಳಲ್ಲಿ ರಾಜ್ಯ ಅದನ್ನು ಅಧಿಸೂಚಿತ ಕಾಯಿಲೆಯನ್ನಾಗಿ ಮಾಡಿ ಎಣಿಸಿತು. ಕವಾಟದ ಮೇಲಿನ ಶಿಲೀಂಧ್ರ ಹೊರಗೆ ಕಾಣುವುದಿಲ್ಲ. ಕೋವಿಡ್ ಗೆದ್ದು ಮನೆಗೆ ಹೋಗಿ ತಿಂಗಳೆರಡು ತಿಂಗಳಲ್ಲಿ ಮತ್ತೆ ಜ್ವರ ಬಂದವರಿಗೆ 'ಕೋವಿಡ್ ನಂತರದ ಸುಸ್ತು' ಎಂದು ಹೇಳಿ ಕಳುಹಿಸಿದ್ದನ್ನು ನಾನು ಕಂಡಿದ್ದೇನೆ.

ಇಷ್ಟೆಲ್ಲ ಹಿಂದಿನ ಮಾತು. ಇಂದು ಇದನ್ನು ಬರೆಯುತ್ತಿರುವುದಕ್ಕೆ ಕಾರಣ, ಆಗ ಬೆಳೆದ ಅಭ್ಯಾಸಗಳು ಸಾಂಕ್ರಾಮಿಕ ಮುಗಿದ ಮೇಲೂ ಉಳಿದಿವೆ ಎಂಬುದು. ಜ್ವರದ ಎರಡನೇ ದಿನ ಅಜಿತ್ರೊಮೈಸಿನ್ ಮೂರು ಮಾತ್ರೆ ತೆಗೆದುಕೊಳ್ಳುವುದು ಜನರಿಗೆ ಮನೆಮದ್ದಿನಷ್ಟು ಸಹಜವಾಗಿದೆ. ಆದ್ದರಿಂದ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಒಂದು ಸುತ್ತೋಲೆ. ಕವಾಟದ ದೋಷ ಇರುವವರು, ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೆ ಈ ಸೋಂಕು ಬಂದಿದ್ದವರು ಜ್ವರದೊಂದಿಗೆ ಬಂದರೆ, ಹಾಗೂ ಯಾರಿಗೇ ಆಗಲಿ ಕಾರಣ ತಿಳಿಯದ ಜ್ವರ ವಾರ ದಾಟಿದರೆ, ರಕ್ತದ ಕಲ್ಚರ್ ತೆಗೆಯದೆ ಆಂಟಿಬಯೋಟಿಕ್ ಆರಂಭಿಸಬಾರದು ಎಂದು ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆಲ್ಲಕ್ಕೂ ಇಲಾಖೆ ಸೂಚಿಸಬೇಕು. ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಿರುವ ರೋಗಿಯಲ್ಲಿ ಚಿಕಿತ್ಸೆಯನ್ನು ತಡಮಾಡಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲೂ ಮೊದಲ ಇಂಜೆಕ್ಷನ್‌ಗೆ ಮುಂಚೆ ಎರಡು ಬಾಟಲಿ ರಕ್ತ ತೆಗೆಯಲು ಕೆಲವು ನಿಮಿಷ ಸಾಕು. ಸಾಂಕ್ರಾಮಿಕ ಘೋಷಣೆಯಾದಾಗ ಈ ಸುತ್ತೋಲೆ ರದ್ದಾಗುವುದಿಲ್ಲವೆಂಬ ಸಾಲು ಅದರಲ್ಲೇ ಇರಬೇಕು.

ಸುತ್ತೋಲೆ ಕಾಗದದಲ್ಲಿ ಉಳಿಯಬಾರದೆಂದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಲ್ಚರ್ ಬಾಟಲಿಗಳು ಇರಬೇಕು, ತುಂಬಿದ ಬಾಟಲಿ ಅದೇ ದಿನ ಜಿಲ್ಲಾ ಪ್ರಯೋಗಾಲಯ ತಲುಪಬೇಕು. ಕೋವಿಡ್ ಸ್ವ್ಯಾಬ್‌ಗಳನ್ನು ಹಳ್ಳಿಯಿಂದ ಪ್ರಯೋಗಾಲಯಕ್ಕೆ ದಿನವೂ ಸಾಗಿಸಿದ ರಾಜ್ಯಕ್ಕೆ ಇದು ಹೊಸ ಕೆಲಸವೇನಲ್ಲ. ಹೃದಯಾಘಾತಕ್ಕಾಗಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯು ತಾಲ್ಲೂಕು ಆಸ್ಪತ್ರೆಗಳನ್ನು ಹೃದ್ರೋಗ ತಜ್ಞರಿಗೆ ಜೋಡಿಸಿದೆ. ಅದೇ ಜಾಲದಲ್ಲಿ ಕವಾಟದ ರೋಗಿಯ ಜ್ವರಕ್ಕೂ ಒಂದು ದಾರಿ ಮಾಡಿಕೊಟ್ಟರೆ, ಎಕೋ ಯಾವಾಗ, ಎಲ್ಲಿ, ಶಸ್ತ್ರಚಿಕಿತ್ಸೆಗೆ ಯಾವಾಗ ಕಳುಹಿಸಬೇಕು ಎಂಬ ಪ್ರಶ್ನೆಗೆ ಅಂದೇ ಉತ್ತರ ಸಿಗುತ್ತದೆ. ಈ ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅದು ಸರಿಯಾದ ದಿನಕ್ಕೆ ಆಗಬೇಕು. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿ ಜಯದೇವ ಸಂಸ್ಥೆ ಇರುವುದು ನಮ್ಮ ಭಾಗ್ಯ. ಮುಂದಿನ ಸಾಂಕ್ರಾಮಿಕದಲ್ಲಿ ಆ ಬಾಗಿಲುಗಳು ಜ್ವರವಿರುವ ಹೃದ್ರೋಗಿಗೂ ತೆರೆದಿರುವಂತೆ, ಪ್ರತ್ಯೇಕ ಕೋಣೆ, ಪ್ರತ್ಯೇಕ ಎಕೋ ತಂಡಗಳ ಯೋಜನೆಯನ್ನು ಈಗಲೇ ಬರೆದಿಡಬೇಕು.

ಆರು ವಾರ ಆಸ್ಪತ್ರೆಯಲ್ಲಿ ಉಳಿಯುವುದು ಕೂಲಿ ಮಾಡುವ ಕುಟುಂಬಕ್ಕೆ ಸಾಧ್ಯವಾಗದ ಮಾತು. ಮೂರನೇ ವಾರಕ್ಕೆ ಹೇಳದೆ ಕೇಳದೆ ಹೊರಟುಹೋಗುವವರನ್ನು ನಾವೆಲ್ಲ ಬಲ್ಲೆವು. ಸಾಮಾನ್ಯ ಸ್ಟ್ರೆಪ್ಟೊಕಾಕಸ್‌ನಿಂದ ಬಂದ ಸೋಂಕಾದರೆ, ರೋಗಿ ಸ್ಥಿರವಾದ ಮೇಲೆ ದಿನಕ್ಕೊಮ್ಮೆ ಸೆಫ್ಟ್ರಿಯಾಕ್ಸೋನ್ ಸಾಕಾಗುತ್ತದೆ, ಅದನ್ನು ಅವರ ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಬಹುದು. ಡೆನ್ಮಾರ್ಕಿನಲ್ಲಿ 400 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪೊಯೆಟ್ ಅಧ್ಯಯನವು, ಆಯ್ದ ರೋಗಿಗಳಲ್ಲಿ ಕಡೆಯ ವಾರಗಳ ಚಿಕಿತ್ಸೆಯನ್ನು ಮಾತ್ರೆಗಳಿಂದಲೂ ಪೂರೈಸಬಹುದೆಂದು ತೋರಿಸಿದೆ. ಆದರೆ ಯಾವ ಬ್ಯಾಕ್ಟೀರಿಯಾ ಎಂದು ತಿಳಿದಿದ್ದರೆ ತಾನೇ ಇವೆಲ್ಲ ಸಾಧ್ಯ? ಮತ್ತೆ ಕಲ್ಚರ್‌ಗೇ ಬಂದು ನಿಲ್ಲುತ್ತೇವೆ.

ರುಮ್ಯಾಟಿಕ್ ಜ್ವರ ಬಂದಿದ್ದ ಮಕ್ಕಳಿಗೆ ಮೂರು ವಾರಕ್ಕೊಮ್ಮೆ ಕೊಡಬೇಕಾದ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಲಾಕ್‌ಡೌನಿನಲ್ಲಿ ಬಸ್ಸಿಲ್ಲದೆ ಎಷ್ಟೋ ಮನೆಗಳಲ್ಲಿ ತಪ್ಪಿತು. ತಪ್ಪಿದ ಪ್ರತಿ ಇಂಜೆಕ್ಷನ್ ಜ್ವರ ಮರುಕಳಿಸಲು, ಕವಾಟ ಇನ್ನಷ್ಟು ಕೆಡಲು ಅವಕಾಶ. ವಿಶ್ವ ಆರೋಗ್ಯ ಸಭೆಯು 2018ರಲ್ಲೇ ರುಮ್ಯಾಟಿಕ್ ಜ್ವರ ಮತ್ತು ಅದರಿಂದ ಬರುವ ಹೃದ್ರೋಗದ ಬಗ್ಗೆ ನಿರ್ಣಯ ಅಂಗೀಕರಿಸಿದೆ. ರಾಜ್ಯ ವೈದ್ಯಕೀಯ ಸರಬರಾಜು ನಿಗಮವು ಈ ಅಗ್ಗದ ಔಷಧವನ್ನು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ತಪ್ಪದೆ ಒದಗಿಸಬೇಕು. ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲಿ ಕವಾಟದ ರೋಗಿಗಳಿಗೆ ತಮ್ಮದೇ ಒಂದು ಸಾಲು ಇರಬೇಕು. ಅಂಥ ಪ್ರತಿ ರೋಗಿಯ ಕೈಯಲ್ಲಿ, 'ನನ್ನ ಹೃದಯದ ಕವಾಟದಲ್ಲಿ ದೋಷವಿದೆ, ಜ್ವರ ಬಂದರೆ ಆಂಟಿಬಯೋಟಿಕ್‌ಗೆ ಮೊದಲು ರಕ್ತದ ಕಲ್ಚರ್ ತೆಗೆಯಿರಿ' ಎಂದು ಕನ್ನಡದಲ್ಲಿ ಅಚ್ಚಾದ ಒಂದು ಕಾರ್ಡ್ ಇರಬೇಕು. ಕೃತಕ ಕವಾಟ ಇರುವವರಿಗೂ ಹಿಂದೆ ಸೋಂಕು ಬಂದವರಿಗೂ, ಹಲ್ಲು ಕೀಳಿಸುವ ಮೊದಲು ಒಂದು ಡೋಸ್ ಆಂಟಿಬಯೋಟಿಕ್ ಬೇಕೆಂಬುದನ್ನು ಅದೇ ಕಾರ್ಡಿನ ಹಿಂಬದಿಯಲ್ಲಿ ಬರೆಯಬಹುದು.

ಕಡೆಯದಾಗಿ ಹಿಂದಿನ ಲೆಕ್ಕ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಎಂ.ಡಿ. ಓದುವ ಪ್ರತಿ ವಿದ್ಯಾರ್ಥಿಯೂ ಒಂದು ಪ್ರಬಂಧ ಬರೆಯಲೇಬೇಕು. 2018ರಿಂದ 2022ರವರೆಗಿನ ಕವಾಟದ ಸೋಂಕಿನ ದಾಖಲೆಗಳನ್ನು ಒಂದೇ ನಮೂನೆಯಲ್ಲಿ ಪರಿಶೀಲಿಸುವ ಕೆಲಸವನ್ನು ಕೆಲವು ಕಾಲೇಜುಗಳ ವಿದ್ಯಾರ್ಥಿಗಳಿಗೆ ಹಂಚಿಕೊಟ್ಟರೆ, ಜ್ವರದ ಮೊದಲ ದಿನದಿಂದ ರೋಗ ಪತ್ತೆಯಾಗುವವರೆಗೆ ಎಷ್ಟು ದಿನ ಹಿಡಿಯಿತು, ಎಷ್ಟು ಮಂದಿ ಕಲ್ಚರ್‌ಗೆ ಮುಂಚೆಯೇ ಔಷಧಿ ನುಂಗಿದ್ದರು, ಎಷ್ಟು ಮಂದಿ ಉಳಿದರು ಎಂಬುದು ಹೆಚ್ಚಿನ ಖರ್ಚಿಲ್ಲದೆ ತಿಳಿಯುತ್ತದೆ. ವೈದ್ಯರ ಹೆಸರು ಬೇಡ, ಆಸ್ಪತ್ರೆಗಳ ಹೆಸರೂ ಬೇಡ; ದಿನಗಳು ಮತ್ತು ಫಲಿತಾಂಶ ಸಾಕು.

ಈ ಎಲ್ಲ ಕೋರಿಕೆಗಳಿಗೂ ಒಂದೇ ವರ್ಷದಲ್ಲಿ ಅನುದಾನ ಸಿಗಲಾರದು ಎಂಬುದನ್ನು ಬಲ್ಲೆ. ಸುತ್ತೋಲೆಗೆ ಮಾತ್ರ ಅನುದಾನ ಬೇಕಿಲ್ಲ. ಮಳೆಗಾಲ ಹಿಡಿದು ಡೆಂಗಿ ಜ್ವರದ ಸಾಲು ಹೊರರೋಗಿ ವಿಭಾಗಗಳ ಮುಂದೆ ಬೆಳೆಯುವ ಮೊದಲು ಅದನ್ನು ಹೊರಡಿಸಬೇಕೆಂದು, ಅದರ ಕರಡನ್ನು ಸಿದ್ಧಪಡಿಸಲು ಜಿಲ್ಲಾ ಆಸ್ಪತ್ರೆಗಳ ವೈದ್ಯರನ್ನೂ ಸೂಕ್ಷ್ಮಜೀವಿ ತಜ್ಞರನ್ನೂ ಕರೆಯಬೇಕೆಂದು ಕೋರುತ್ತೇನೆ. ಕರೆದರೆ ನಾನೂ ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯ ಒಬ್ಬ ವೈದ್ಯೆ